ನೋಡಿದವರು ಮತ್ತು ಕಂಡವರು: ‘ಫಣಿಯಮ್ಮ’ ಕಾದಂಬರಿಯ ಒಂದು ಓದು

ಹೈದರಾಬಾದಿನ ಹಿಮಾಯತ್‌ನಗರದ ಮನೆಯೊಂದರಲ್ಲಿ ಕನ್ನಡ ಮತ್ತು ತೆಲುಗು ಓದುಗರು ಸೇರಿದ್ದ ಗೋಷ್ಠಿಯಲ್ಲಿ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಚರ್ಚೆಗೆ ಬಂದಿತು. ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ (1989) ಅದನ್ನು ಓದಿದ್ದ ತೆಲುಗು ಸಂಶೋಧಕಿಯೊಬ್ಬರು ಕೇಳಿದರು: ಅಷ್ಟು ಜನರಿದ್ದ ಮನೆಯಲ್ಲಿ ಆ ಹುಡುಗಿಯನ್ನು ಕಂಡವರು ಒಬ್ಬರೂ ಇರಲಿಲ್ಲವೆ? ವಿಧವೆಯ ಕಥನವನ್ನು ಸಮಾಜಸುಧಾರಣೆಯ ಚೌಕಟ್ಟಿನಲ್ಲೇ ಓದಿ ರೂಢಿಯಾದ ನಮಗೆ ಈ ಪ್ರಶ್ನೆ ಬೇರೊಂದು ದಾರಿಯನ್ನು ತೆರೆಯುತ್ತದೆ.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಲ್ಲಿ (1899) ನಾಯಿಕೆಗೆ ದಾರಿ ತೋರುವವರಿದ್ದಾರೆ. ಅಮೃತರಾಯನ ಆಶ್ರಯ, ವಿದ್ಯಾಭ್ಯಾಸ, ಪುನರ್ವಿವಾಹ ಎಂಬ ಕ್ರಮ ಅಲ್ಲಿ ಸ್ಪಷ್ಟವಾಗಿದೆ. 1881ರಲ್ಲಿ ರಾಜಮಂಡ್ರಿಯಲ್ಲಿ ವೀರೇಶಲಿಂಗಂ ಅವರು ನಡೆಸಿದ ವಿಧವಾವಿವಾಹವನ್ನು ಬಲ್ಲ ತೆಲುಗು ಓದುಗರಿಗೂ ಈ ಕ್ರಮ ಅಪರಿಚಿತವಲ್ಲ. ಫಣಿಯಮ್ಮನ ಮಲೆನಾಡಿನ ಮನೆಗೆ ಅಂಥ ಸುಧಾರಕನಾರೂ ಬರುವುದಿಲ್ಲ. ಅವಳಿಗಿರುವುದು ಸಂಪ್ರದಾಯವೊಂದೇ.

ಸಂಪ್ರದಾಯ ದಾರಿ ತೋರುವುದಿಲ್ಲವೆ ಎಂದು ಕೇಳಬಹುದು. ಬದುಕಿನ ಪ್ರತಿಯೊಂದು ಹೊರಳಿನಲ್ಲೂ ಒಂದು ಸಂಸ್ಕಾರವನ್ನಿಟ್ಟ ಸಮಾಜವಿದು. ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ದಂಥ ಕೃತಿ ಹೆಣ್ಣಿಗೆ ನಡೆಯಬೇಕಾದ ಬಗೆಯನ್ನು ಆತ್ಮೀಯವಾಗಿಯೇ ಹೇಳುತ್ತದೆ. ಆದರೆ ಆ ಧರ್ಮದ ಕೇಂದ್ರ ಪತಿ. ಎಳವೆಯಲ್ಲೇ ಮದುವೆಯಾಗಿ, ಸಂಸಾರವೆಂದರೇನೆಂದು ತಿಳಿಯುವ ಮೊದಲೇ ವಿಧವೆಯಾದವಳಿಗೆ ಅದರಲ್ಲಿ ನಿಲ್ಲಲು ನೆಲೆಯಿಲ್ಲ. ಮದುವೆ, ವೈಧವ್ಯ, ಋತುಮತಿಯಾಗುವಿಕೆ ಎಂಬ ಮೂರು ಹೊರಳುಗಳೂ ಅವಳಿಗೆ ಅರ್ಥವಾಗುವ ಮೊದಲೇ ಮುಗಿದುಹೋಗುತ್ತವೆ. ದೇಹ ಅರಳುವ ಹೊತ್ತಿಗೆ ಸರಿಯಾಗಿ ತಲೆ ಬೋಳಿಸಲಾಗುತ್ತದೆ. ವಿಧಿ ನಡೆಯುತ್ತದೆ, ಆದರೆ ಅದು ಅವಳನ್ನು ಉದ್ದೇಶಿಸಿದ್ದಲ್ಲ. ಮನೆಯ ಮಡಿಯನ್ನು ಕಾಯುವುದಕ್ಕಾಗಿ ನಡೆಯುವಂಥದ್ದು.

ಕನ್ನಡದಲ್ಲಿ ನೋಡುವುದು ಬೇರೆ, ಕಾಣುವುದು ಬೇರೆ. ಫಣಿಯಮ್ಮನ ಮೇಲೆ ಕಣ್ಣುಗಳಿಗೆ ಕೊರತೆಯಿಲ್ಲ. ಅವಳು ಎದುರಾದರೆ ಅಪಶಕುನ, ಮುಟ್ಟಿದರೆ ಮೈಲಿಗೆ ಎಂದು ಎಣಿಸುವ ಸಮಾಜ ಅವಳ ಚಲನವಲನವನ್ನೆಲ್ಲ ನೋಡುತ್ತಲೇ ಇರುತ್ತದೆ. ಇಂಥ ಕಣ್ಗಾವಲಿನ ನಡುವೆಯೇ ಅವಳು ಕಾಣದವಳಾಗಿ ಉಳಿಯುತ್ತಾಳೆ. ಯಾರೂ ಹೇಳಿಕೊಡದ ಬದುಕನ್ನು ಅವಳು ಅಡುಗೆಮನೆಯಲ್ಲಿ, ಬಾಣಂತಿಕೋಣೆಯಲ್ಲಿ ತಾನೇ ಕಂಡು ಕಲಿಯುತ್ತಾಳೆ. ಹೆರಿಗೆಯ ಸಂಕಟದಲ್ಲಿದ್ದ ಅಸ್ಪೃಶ್ಯ ಹೆಂಗಸಿಗೆ ಗುಟ್ಟಾಗಿ ನೆರವಾಗುವುದೂ, ತಲೆ ಬೋಳಿಸಿಕೊಳ್ಳಲು ನಿರಾಕರಿಸಿದ ದಾಕ್ಷಾಯಿಣಿಯ ಪರವಾಗಿ ನಿಲ್ಲುವುದೂ ಈ ಕಲಿಕೆಯ ಫಲಗಳು. ತನಗೆ ದೊರೆಯದ ಆಸರೆಯನ್ನು ಅವಳು ಇನ್ನೊಬ್ಬಳಿಗೆ ಕೊಡುತ್ತಾಳೆ. ಕಾದಂಬರಿಯ ನೈತಿಕ ಶಿಖರ ಇದೇ ಎಂದು ನನ್ನ ಭಾವನೆ.

ಆದರೂ ಒಂದು ಆಕ್ಷೇಪವನ್ನು ಹೇಳಲೇಬೇಕು. ಕಥನದ ಗೌರವಭಾವ ಫಣಿಯಮ್ಮನನ್ನು ಕ್ರಮೇಣ ಸಂತಳನ್ನಾಗಿಸುತ್ತದೆ. ಅಪಶಕುನವೆಂದು ದೂರವಿಟ್ಟ ಸಮಾಜ ಮುಂದೆ ಪುಣ್ಯವತಿಯೆಂದು ಕೈಮುಗಿದಾಗ, ಎರಡು ಸಂದರ್ಭಗಳಲ್ಲೂ ಆ ಹುಡುಗಿ ಮರೆಯಾಗುತ್ತಾಳೆ. ಅವಳ ತಾಳ್ಮೆಯನ್ನು ಹೊಗಳುವ ಓದುಗನು ಅವಳ ಕೋಪವನ್ನು ಕೇಳಿಸಿಕೊಳ್ಳುವ ಹೊಣೆಯಿಂದ ಸುಲಭವಾಗಿ ಪಾರಾಗುತ್ತಾನೆ. ದಾಕ್ಷಾಯಿಣಿಯ ಬಾಯಲ್ಲಿ ಬರುವ ಪ್ರತಿಭಟನೆಯು ಫಣಿಯಮ್ಮ ಎಂದೂ ಆಡದ ಮಾತೇ ಇರಬಹುದೆ ಎಂಬುದನ್ನು ನಮ್ಮ ವಿಮರ್ಶೆ ಇನ್ನಷ್ಟು ಗಂಭೀರವಾಗಿ ಪರಿಶೀಲಿಸಬೇಕಾಗಿದೆ.

ಗೋಷ್ಠಿಯ ಪ್ರಶ್ನೆಗೆ ಉತ್ತರ ಕೃತಿಯ ಹುಟ್ಟಿನಲ್ಲಿಯೇ ಇದೆ. ಈ ಕಥೆಗೆ ಆಧಾರ ಲೇಖಕಿಯ ಬಂಧುವರ್ಗದ ಹಿರಿಯ ಹೆಂಗಸಿನ ಬದುಕು. ಅದು ಹೆಂಗಸರ ನೆನಪಿನಲ್ಲಿ, ಬಾಯಿಂದ ಬಾಯಿಗೆ ಉಳಿದು ಬಂದದ್ದು. ಆ ಮನೆಯಲ್ಲಿ ಅವಳನ್ನು ಕಂಡವರಿದ್ದರು. ಆದರೆ ಅವರು ಹುಟ್ಟಿದ್ದು ತಡವಾಗಿ.