ಬೇಡವೆನ್ನುವ ಸ್ವಾತಂತ್ರ್ಯ: ಇವಾನ್ ಇಲಿಚ್ ಅವರ 1968ರ ಭಾಷಣದ ಮರುವಾಚನ

ಬೇಸಿಗೆ ರಜೆಯನ್ನು ಮೆಕ್ಸಿಕೋದ ಹಳ್ಳಿಗಳ ಸೇವೆಗೆ ಮುಡಿಪಿಟ್ಟಿದ್ದ ಉತ್ತರ ಅಮೆರಿಕದ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಇವಾನ್ ಇಲಿಚ್ 1968ರ ಏಪ್ರಿಲ್‌ನಲ್ಲಿ ಮಾಡಿದ ಭಾಷಣವು ‘ಸದುದ್ದೇಶಗಳು ನರಕಕ್ಕೆ ಹೋಗಲಿ’ ಎಂಬರ್ಥದ ಶೀರ್ಷಿಕೆಯಿಂದ ಪ್ರಸಿದ್ಧವಾಗಿದೆ. ಪರದೇಶಗಳಲ್ಲಿ ಧರ್ಮಸಭೆಯ ಹೆಸರಿನಲ್ಲಿ ನಡೆಯುವ ವೈದ್ಯಕೀಯ ಹಾಗೂ ಶೈಕ್ಷಣಿಕ ಸ್ವಯಂಸೇವೆಯ ಚರ್ಚೆ ಎದ್ದಾಗಲೆಲ್ಲ ಈ ಶೀರ್ಷಿಕೆ ಕಿವಿಗೆ ಬೀಳುತ್ತದೆ. ಭಾಷಣವನ್ನು ಪೂರ್ತಿ ಓದಿದವರು ವಿರಳ. ತರಗತಿಯಲ್ಲಿ ಇದನ್ನು ಓದಿಸಿದಾಗ ಗುರುಮಠದ ವಿದ್ಯಾರ್ಥಿಗಳಲ್ಲಿ ಕೆಲವರು ಸಿಟ್ಟಾಗುತ್ತಾರೆ, ಕೆಲವರು ನಿರಾಳರಾಗುತ್ತಾರೆ. ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವವರು ಎರಡನೆಯವರು. ಹೊರಡದಿರಲು ಗೌರವಯುತವಾದ ಕಾರಣವೊಂದು ಸಿಕ್ಕಿತೆಂಬ ಆ ನಿರಾಳತೆಗೆ ಇಲಿಚ್ ಎಷ್ಟರಮಟ್ಟಿಗೆ ಹೊಣೆ?

ಇದು ಹೊರಗಿನವರ ಟೀಕೆಯಲ್ಲವೆಂಬುದನ್ನು ಮೊದಲು ಗಮನಿಸಬೇಕು. 1926ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಇಲಿಚ್, ಯಾಜಕರಾಗಿ ನ್ಯೂಯಾರ್ಕಿನ ಪೋರ್ಟೊ ರಿಕೊ ವಲಸಿಗರ ನಡುವೆ ದುಡಿದವರು. ಆಮೇಲೆ ಪೋರ್ಟೊ ರಿಕೊದ ಪೋನ್ಸೆಯ ಕ್ಯಾಥೋಲಿಕ ವಿಶ್ವವಿದ್ಯಾಲಯದಲ್ಲಿದ್ದು, ಮುಂದೆ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಧರ್ಮಪ್ರಚಾರಕರಿಗೆ ತರಬೇತಿ ಕೇಂದ್ರ ನಡೆಸಿದವರು. 1961ರಲ್ಲಿ ಅಗೊಸ್ತಿನೊ ಕಸಾರೊಲಿಯವರು ರೋಮಿನ ಪರವಾಗಿ, ಅಮೆರಿಕದ ಧಾರ್ಮಿಕ ಸಭೆಗಳು ತಮ್ಮ ಸದಸ್ಯರಲ್ಲಿ ಹತ್ತನೆಯ ಒಂದು ಪಾಲನ್ನು ಹತ್ತು ವರ್ಷಗಳೊಳಗೆ ಲ್ಯಾಟಿನ್ ಅಮೆರಿಕಕ್ಕೆ ಕಳುಹಿಸಬೇಕೆಂದು ಕೋರಿದ್ದರು. ಆ ಕರೆಗೆ ಓಗೊಟ್ಟು ಹೊರಟವರನ್ನು ಸಿದ್ಧಗೊಳಿಸುವ ಕೆಲಸವೇ ಇಲಿಚ್ ಅವರದಾಗಿತ್ತು. ಬಂದವರನ್ನು ಹತ್ತಿರದಿಂದ ನೋಡನೋಡುತ್ತ ಅವರ ಸಂಶಯ ಬೆಳೆಯಿತು. 1967ರ ಜನವರಿಯಲ್ಲಿ ‘ಅಮೆರಿಕಾ’ ಪತ್ರಿಕೆಯ ಲೇಖನದಲ್ಲಿ ಅದು ಬಹಿರಂಗವಾಯಿತು. 1968ರ ಭಾಷಣ ಆ ಲೇಖನದ ಕಹಿಯಾದ ಮುಂದುವರಿಕೆ.

ಭಾಷಣದ ವಾದ ಸರಳ. ವಿದ್ಯಾರ್ಥಿಗಳ ಪ್ರಾಮಾಣಿಕತೆಯನ್ನು ಇಲಿಚ್ ಅಲ್ಲಗಳೆಯುವುದಿಲ್ಲ, ಅದು ಇಲ್ಲಿ ಅಪ್ರಸ್ತುತವೆನ್ನುತ್ತಾರೆ. ಅರಿತೋ ಅರಿಯದೆಯೋ ಅವರು ಒಯ್ಯುವುದು ತಮ್ಮ ಮಧ್ಯಮವರ್ಗದ ಬದುಕಿನ ಮಾದರಿಯನ್ನು. ಹಳ್ಳಿಯ ಭಾಷೆ ತಿಳಿಯದವರಿಗೆ ತಾವು ಮಾಡಿದ್ದರ ಕುರಿತು ಜನ ಏನೆನ್ನುತ್ತಾರೆಂಬುದೂ ತಿಳಿಯದು. ಆದ್ದರಿಂದ ದುಡಿಯಲೇಬೇಕೆಂದಿದ್ದರೆ ತಮ್ಮ ನಗರಗಳ ಬಡವರ ನಡುವೆ ದುಡಿಯಲಿ. ‘ತೊಲಗಿ’ ಎಂದರೆ ಅಲ್ಲಿ ಅರ್ಥವಾದರೂ ಆಗುತ್ತದೆ. ಮೆಕ್ಸಿಕೋಗೆ ನೋಡಲು, ಕಲಿಯಲು, ಬೆಟ್ಟ ಹತ್ತಲು ಬರಲಿ, ಸಹಾಯಕ್ಕೆ ಬೇಡ.

ಭಾಷೆಯ ಕುರಿತ ಮಾತು ಭಾಷಣದ ಅತ್ಯಂತ ಬಲವಾದ ಭಾಗ. ಒಂದು ಜನಾಂಗದ ಮಾತನ್ನಷ್ಟೇ ಅಲ್ಲ, ಮೌನವನ್ನೂ ಧರ್ಮಪ್ರಚಾರಕ ಕಲಿಯಬೇಕೆಂದು ಇನ್ನೊಂದು ಪ್ರಬಂಧದಲ್ಲಿ ವಾದಿಸಿದವರು ಅವರೇ. ಎರಡು ವಾರಗಳ ಶಿಬಿರದಲ್ಲಿ ರಕ್ತದೊತ್ತಡದ ಮಾತ್ರೆ ಪಡೆದ ಮುದುಕಿ ತಲೆಯಾಡಿಸಿದ್ದು ಒಪ್ಪಿಗೆಯೋ, ಸಂಕೋಚವೋ? ಮಾತ್ರೆ ಮುಗಿದ ತಿಂಗಳು ಆಕೆ ಯಾರ ಬಳಿಗೆ ಹೋಗುತ್ತಾಳೆ? ಉಚಿತ ಔಷಧಿ ಹಂಚಿ ಹೊರಟವರ ಹಿಂದೆ, ಅಲ್ಪ ಶುಲ್ಕದಿಂದ ನಡೆಯುತ್ತಿದ್ದ ಊರಿನ ಔಷಧಾಲಯ ಉಳಿಯುತ್ತದೆಯೇ?

ಆದರೆ ಇಲಿಚ್ ಎಲ್ಲ ಸೇವೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಒಂದು ಮುಕ್ತಾಯವಿದೆ. ಕೆಲ ದಿನಗಳ ಆರೈಕೆಯ ನಂತರ ಕಂಡವನು ಕಂಡನು. ಪಾಠಕ್ಕೆ ಅಂಥ ಮುಕ್ತಾಯವಿಲ್ಲ, ಗುರು ಹೊರಟ ದಿನವೇ ಅದು ತುಂಡಾಗುತ್ತದೆ. ಹಾಗಾಗಿ ಅಲ್ಪಾವಧಿಯ ವೈದ್ಯನಿಗಿಂತ ಅಲ್ಪಾವಧಿಯ ಶಿಕ್ಷಕನ ಮೇಲೆಯೇ ಈ ಟೀಕೆ ಹೆಚ್ಚು ಸರಿಯಾಗಿ ತಗಲುತ್ತದೆಂಬುದು ನಮ್ಮ ಅಭಿಪ್ರಾಯ. ಸಾಮಾನ್ಯವಾಗಿ ನಾವು ತಿಳಿಯುವುದು ಇದಕ್ಕೆ ತಿರುವುಮುರುವು: ಸೂಜಿ ಹಿಡಿಯಲು ಪದವಿ ಬೇಕು, ಮಕ್ಕಳಿಗೆ ಇಂಗ್ಲಿಷ್ ಹಾಡು ಕಲಿಸಲು ಯಾರಾದರೂ ಸಾಕು!

ದೈವಶಾಸ್ತ್ರದ ದೃಷ್ಟಿಯಿಂದ ಇನ್ನೂ ದೊಡ್ಡ ಕೊರತೆಯೊಂದಿದೆ. ರೋಗಿಗಳನ್ನು ಗುಣಪಡಿಸಿರೆಂಬುದು ಕ್ರಿಸ್ತರ ಆಜ್ಞೆ. ಅದನ್ನು ಪ್ರವಾಸಿಯ ಕುತೂಹಲಕ್ಕೆ ಬದಲಿಸಿಕೊಳ್ಳುವಂತಿಲ್ಲ. ಆದರೆ ಸಂತ ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಆ ಆಜ್ಞೆ ಬರುವ ಕ್ರಮವನ್ನು ನೋಡೋಣ. ಎಪ್ಪತ್ತೆರಡು ಮಂದಿ ಥೈಲಿ, ಜೋಳಿಗೆ, ಪಾದರಕ್ಷೆಗಳಿಲ್ಲದೆ ಹೊರಡಬೇಕು. ಸ್ವಾಗತಿಸಿದ ಮನೆಯಲ್ಲೇ ತಂಗಬೇಕು, ಬಡಿಸಿದ್ದನ್ನು ಉಣ್ಣಬೇಕು. ಗುಣಪಡಿಸುವ ಮಾತು ಬರುವುದು ಅದಾದ ಮೇಲೆ. ಊಟದ ಋಣ ಹೊತ್ತ ಅತಿಥಿಯೇ ಇಲ್ಲಿ ವೈದ್ಯ. ಅಷ್ಟೇ ಅಲ್ಲ, ಊರು ಅವರನ್ನು ಬೇಡವೆಂದರೆ ಧೂಳು ಒರಸಿಕೊಂಡು ಹೊರಡಬೇಕು. ಇದನ್ನು ನಾವು ಊರಿನ ಮೇಲಿನ ತೀರ್ಪೆಂದಷ್ಟೇ ಬೋಧಿಸುತ್ತೇವೆ. ಬೇಡವೆನ್ನುವ ಸ್ವಾತಂತ್ರ್ಯವನ್ನು ಆ ಊರಿಗೆ ಬಿಟ್ಟುಕೊಟ್ಟವರು ಕಳುಹಿಸಿದ ಪ್ರಭುವೇ ಎಂಬುದನ್ನು ಮರೆಯುತ್ತೇವೆ. ಇಲಿಚ್ ನ್ಯಾಯಕ್ಕಾಗಿ ಕೇಳಿದ್ದು ಸುವಾರ್ತೆಯೊಳಗೇ ಇತ್ತು. ಅವರು ಅತ್ತ ನೋಡಲಿಲ್ಲ.

ಪ್ರೇಷಿತರನ್ನು ಬರಮಾಡಿಕೊಂಡ ನಾಡಿನವರಾದ ನಮಗೆ ಇದು ಪುಸ್ತಕದ ಸಂಗತಿಯಲ್ಲ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಕೊಡತೊಡಗಿದ ಜರ್ಮನ್ ಯೇಸುಸಭೆಯ ಅಗಸ್ಟಸ್ ಮುಲ್ಲರ್, 1910ರಲ್ಲಿ ಸಾಯುವವರೆಗೂ ಇದೇ ನೆಲದಲ್ಲಿದ್ದರು. ಅವರ ಸಂಸ್ಥೆಯನ್ನು ಇಂದು ನಡೆಸುತ್ತಿರುವುದು ಸ್ಥಳೀಯ ಧರ್ಮಪ್ರಾಂತ್ಯ. ಇಲಿಚ್ ಅವರ ಬಾಣ ಇಂಥವರನ್ನು ತಾಗದು. ಅವರೇ ಆ ಭಾಷಣದಲ್ಲಿ, ವಿಯೆನ್ನಾದವರಾಗಿಯೂ, ಮೆಕ್ಸಿಕೋದ ಬೆಟ್ಟಗಳನ್ನು ‘ನಮ್ಮವು’ ಎನ್ನುತ್ತಾರೆ. ವರ್ಷಗಟ್ಟಲೆ ಅಲ್ಲಿ ಬಾಳಿದವರಿಗಷ್ಟೇ ಒಪ್ಪುವ ಮಾತದು.

ಈಗ ನಮ್ಮ ಧರ್ಮಪ್ರಾಂತ್ಯಗಳಿಂದಲೂ ಯಾಜಕರು, ಧರ್ಮಭಗಿನಿಯರು, ದಾದಿಯರು ಆಫ್ರಿಕಾದ ದೇಶಗಳಿಗೆ ಹೊರಡುತ್ತಿದ್ದಾರೆ. ನಾವೂ ಬಡನಾಡಿನವರು, ನಮಗೆ ಇಲಿಚ್ ಅವರ ಟೀಕೆ ಅನ್ವಯಿಸದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಬಡನಾಡಿನಿಂದ ಹೋದವನೂ ಔಷಧಿಯ ಪೆಟ್ಟಿಗೆ ತೆರೆದ ಕ್ಷಣ ಕೊಡುವವನೇ ಆಗುತ್ತಾನೆ. ಅಲ್ಲಿನ ಧರ್ಮಾಧ್ಯಕ್ಷರ ಆಹ್ವಾನಪತ್ರವಿದೆ ಎಂಬುದು ನಾವು ಸಾಮಾನ್ಯವಾಗಿ ಕೊಡುವ ಉತ್ತರ. ಅದು ಬೇಕು, ಆದರೆ ಅದಷ್ಟೇ ಸಾಲದು. ನಮ್ಮ ತಂಡ ತಲುಪುವ ಔಷಧಾಲಯವನ್ನು ವರ್ಷವಿಡೀ ನಡೆಸುವ ಅಲ್ಲಿನ ದಾದಿಗೆ, ‘ಈ ವರ್ಷ ಬರಬೇಡಿ’ ಎಂದು ಬರೆಯುವ ಅಧಿಕಾರವಿದೆಯೇ? ಬರೆದರೆ ನಾವು ನಿಲ್ಲುತ್ತೇವೆಯೇ? ಇಲಿಚ್ ಅವರ ಭಾಷಣದಲ್ಲಿಯೂ ಹಳ್ಳಿಯವರ ಪರವಾಗಿ ಮಾತನಾಡುವವರು ಇಲಿಚ್ ಅವರೇ; ಆ ದಾದಿಯ ಮಾತು ಅಲ್ಲಿಯೂ ಕೇಳಿಸುವುದಿಲ್ಲ.