ಗ್ಯಾಲರಿ ಗುರುತಿಸುವ ಹುಡುಗ

ಹಾಕಿ ಲೀಗ್‌ನ ಹರಾಜಿನಲ್ಲಿ ಎಲ್ಲದಕ್ಕೂ ಲೆಕ್ಕವಿದೆ. 2024ರಲ್ಲಿ ಹಾಕಿ ಇಂಡಿಯಾ ಲೀಗ್‌ನ ಪುರುಷರ ತಂಡವೊಂದಕ್ಕೆ 24 ಮಂದಿ. 8 ವಿದೇಶಿಯರು, 16 ಭಾರತೀಯರು, ಅವರಲ್ಲೂ 4 ಜೂನಿಯರ್‌ಗಳು. ತಂಡ ಯಾವ ಊರಿನ ಹೆಸರು ಹೊತ್ತಿದೆಯೋ ಆ ಊರಿನ ಹುಡುಗನಿಗೆ ಮಾತ್ರ ಕಾಲಂ ಇಲ್ಲ. ನನ್ನ ತಕರಾರು ಅಲ್ಲೇ.

2012ರ ವರ್ಲ್ಡ್ ಸೀರೀಸ್ ಹಾಕಿಯಲ್ಲಿ ನಮಗೂ ಕರ್ನಾಟಕ ಲಯನ್ಸ್ ಇತ್ತು. ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ನಾಯಕ, ಜೂಡ್ ಫೆಲಿಕ್ಸ್ ಕೋಚ್. ಹಾಲಪ್ಪ ಚೆಂಡು ಹಿಡಿದರೆ ಗ್ಯಾಲರಿಯಲ್ಲಿ ಯಾರಿಗೂ ಜೆರ್ಸಿ ನಂಬರ್ ನೋಡುವ ಅಗತ್ಯವಿರಲಿಲ್ಲ. ‘ನಮ್ಮ ಹುಡ್ಗ’ ಎಂದರೆ ಸಾಕಿತ್ತು. ಆ ಟೂರ್ನಿ ಎರಡನೇ ವರ್ಷ ಕಾಣಲಿಲ್ಲ, ಅದು ಬೇರೆ ಮಾತು.

ಊರಿನ ಅಭಿಮಾನವಷ್ಟೇ ಅಲ್ಲ, ಊರಿನ ನೆಲವೂ ಆಟಗಾರನ ಕೈಯಲ್ಲಿ ಇರುತ್ತದೆ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕೊಡಗಿನ ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿಗೆ ಈಗ 300ಕ್ಕೂ ಹೆಚ್ಚು ಕುಟುಂಬಗಳು ಬರುತ್ತವೆ. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ! ಮಣ್ಣಿನ ಮೈದಾನದಲ್ಲಿ ಚೆಂಡು ಕೊನೆಯ ಗಳಿಗೆಯಲ್ಲಿ ಪುಟಿದು ಮೋಸ ಮಾಡುತ್ತದೆ. ನಿಲ್ಲಿಸಲು ಮಣಿಕಟ್ಟು ಬಿಗಿಯಾಗಿರಬಾರದು. ಚೆಂಡು ತಾಗುತ್ತಿದ್ದಂತೆ ಸ್ಟಿಕ್ ಕೂದಲೆಳೆಯಷ್ಟು ಹಿಂದೆ ಸರಿಯಬೇಕು. ಇದನ್ನು ಎಳವೆಯಲ್ಲೇ ಕಲಿತ ಕೈಗೆ ನುಣ್ಣನೆಯ ನೀಲಿ ಟರ್ಫ್ ಒಂದು ಲೆಕ್ಕವೇ ಅಲ್ಲ.

ಆದರೆ ಆ ಕೈಗಳು ಮೆರೆದದ್ದು ಎಲ್ಲಿ? ಹಾಕಿ ಇಂಡಿಯಾ ಲೀಗ್‌ನಲ್ಲಿ ಕೊಡಗಿನ ವಿ.ಆರ್. ರಘುನಾಥ್ ಉತ್ತರ ಪ್ರದೇಶ ವಿಜಾರ್ಡ್ಸ್ ನಾಯಕರಾಗಿದ್ದರು. ಬಿದಿರ ಕೋಲಿನಲ್ಲಿ ಆಟ ಕಲಿತ ಎಸ್.ವಿ. ಸುನಿಲ್ ಓಡಿದ್ದು ಪಂಜಾಬ್ ವಾರಿಯರ್ಸ್ ಪರ. ಕಾಫಿಯ ಕಥೆಯೇ ಇಲ್ಲೂ: ಬೆಳೆ ನಮ್ಮದು, ಬ್ರ್ಯಾಂಡ್ ಇನ್ನೊಬ್ಬರದು.

ಹೊರಗಿನವರು ಬೇಡವೆಂದಲ್ಲ. 2013ರಲ್ಲಿ ಲೀಗ್‌ನ ಕಪ್ ಗೆದ್ದ ರಾಂಚಿ ರೈನೋಸ್‌ನ ನಾಯಕ ಜರ್ಮನಿಯ ಮೊರಿಟ್ಜ್ ಫುರ್ಸ್ಟೆ. ಅಂಥವರ ಪಕ್ಕ ನಿಂತೇ ನಮ್ಮ ಜೂನಿಯರ್ ಬೆಳೆಯಬೇಕು. ಆದರೆ ಪಕ್ಕ ನಿಲ್ಲುವವನು ಬೆಂಚಿನಲ್ಲಿ ಕೂತಿದ್ದರೆ ಪ್ರಯೋಜನವಿಲ್ಲ. ತಂಡದಲ್ಲಿ ನಾಲ್ವರು ಸ್ಥಳೀಯರು, ಒಬ್ಬನಾದರೂ ಸದಾ ಕಣದಲ್ಲಿ: ನನ್ನ ಬೇಡಿಕೆ ಇಷ್ಟೇ.

ಹಾಕಿ ಇಂಡಿಯಾ ಲೀಗ್‌ನಲ್ಲಿ ಕರ್ನಾಟಕದ ಹೆಸರಿನ ತಂಡವನ್ನು ನಾವಿನ್ನೂ ಕಂಡಿಲ್ಲ. ಮುಂದೆಂದಾದರೂ ಕೊಳ್ಳುವವರು ಯಾರೇ ಇರಲಿ, ಹರಾಜಿಗೆ ಹೋಗುವ ಮುನ್ನ ಏಪ್ರಿಲ್‌ನಲ್ಲಿ ಎರಡು ದಿನ ಕೊಡಗಿಗೆ ಬಂದು ಕೌಟುಂಬಿಕ ಹಾಕಿಯ ಮೈದಾನದ ಅಂಚಿನಲ್ಲಿ ಕುಳಿತುಕೊಳ್ಳಿ.