ಗಲ್ಲಿಗೆ ಪ್ರತಿಮೆ, ಗಡೀಪಾರಿಗೆ ಒಂದು ಸಾಲು

ಕಲ್ಯಾಣಪ್ಪನ ಕಾಟಕಾಯಿ ಎಂದು ಕರೆಸಿಕೊಂಡ, ಕಂಪನಿ ಸರ್ಕಾರದ ವಿರುದ್ಧದ 1837ರ ಅಮರ ಸುಳ್ಯ ದಂಗೆಗೆ ಈಗ ತಕ್ಕ ಗೌರವ ಸಿಗುತ್ತಿದೆ. ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರಲ್ಲಿ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಮಡಿಕೇರಿಯಲ್ಲಿ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರ ಪ್ರತಿಮೆಯಿದೆ. ಈ ದಂಗೆಯ ಮೇಲೆ ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿಯನ್ನೇ ಬರೆದರು. ಇವೆಲ್ಲ ಬೇಕಾದವೇ. ಆದರೆ ಅದೇ ದಂಗೆಗಾಗಿ ಸಿಂಗಾಪುರದ ಹಡಗು ಹತ್ತಬೇಕಾದವರ ಪಾಲಿಗೆ ನಮ್ಮ ಪುಸ್ತಕಗಳಲ್ಲಿ ಉಳಿದದ್ದು ಸಾಮಾನ್ಯವಾಗಿ ಒಂದೇ ಸಾಲು. ಗಲ್ಲಿಗೇರಿದವರನ್ನಷ್ಟೇ ನೆನೆಯುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ದಂಗೆಯ ಬೇರು ಗದ್ದೆಯಲ್ಲಿತ್ತು. 1834ರಲ್ಲಿ ಕೊಡಗನ್ನು ಕಸಿದುಕೊಂಡ ಕಂಪನಿ ಸರ್ಕಾರ ಸುಳ್ಯ, ಪುತ್ತೂರು ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಭತ್ತದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಿತು. ಹಾಗೆ ಎದ್ದ ಜನ ಏಪ್ರಿಲ್‌ನಲ್ಲಿ ಮಂಗಳೂರನ್ನೇ ಹಿಡಿದರು. ಸೋತ ಮೇಲೆ ನೇಣು ಕೆಲವರಿಗೆ, ಕರಿನೀರು ಕೆಲವರಿಗೆ. ಆ ಕಾಲಕ್ಕೆ ಅಂಡಮಾನ್ ಸೆರೆವಸತಿ ಇನ್ನೂ ಎದ್ದಿರಲಿಲ್ಲ. 1825ರಿಂದ 1873ರವರೆಗೆ ಸಿಂಗಾಪುರ ಹಿಂದೂಸ್ತಾನದ ಕೈದಿಗಳ ದುಡಿಮೆಯ ನೆಲಗಳಲ್ಲೊಂದು. ಅಲ್ಲಿನ ಕಾಡು ಕಡಿದು ರಸ್ತೆ ಹಾಕಿದವರು ಇಂಥವರೇ. ಸೇಂಟ್ ಆಂಡ್ರೂಸ್ ಚರ್ಚು, ಇಂದು ಅಧ್ಯಕ್ಷರ ನಿವಾಸವಾಗಿರುವ ಇಸ್ತಾನಾ ಕೂಡ ಅವರ ಬೆವರಿನಿಂದ ಎದ್ದವು. ಊರು ಬಿಟ್ಟು, ಭಾಷೆ ಬಿಟ್ಟು, ಮತ್ತೆ ಮನೆಯ ಸುದ್ದಿಯೇ ತಿಳಿಯದೆ ದುಡಿದು ಸಾಯುವುದು ಹಗ್ಗಕ್ಕಿಂತ ಹಗುರವಾದ ಶಿಕ್ಷೆಯೇನಲ್ಲ.

ಆಸ್ಟ್ರೇಲಿಯಾವನ್ನು ನೋಡಿ. 1788ರಿಂದ 1868ರವರೆಗೆ ಬ್ರಿಟನ್ ಅಲ್ಲಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಕೈದಿಗಳನ್ನು ಸಾಗಿಸಿತು. ಅವರ ಸಂತತಿ ಬಹುಕಾಲ ಆ ಮೂಲವನ್ನು ನಾಚಿಕೆಯೆಂದು ಮುಚ್ಚಿಟ್ಟಿತು. ಈಗ ಅದೇ ಸಂತತಿಯವರು ಟ್ಯಾಸ್ಮೇನಿಯಾದ ಕೈದಿ ದಾಖಲೆಗಳಲ್ಲಿ ಅಜ್ಜನ ಎತ್ತರ, ಕಣ್ಣಿನ ಬಣ್ಣ, ಕಸುಬು, ಮೈಮೇಲಿನ ಹಚ್ಚೆ ಎಲ್ಲವನ್ನೂ ಹುಡುಕುತ್ತಾರೆ. ಸುಳ್ಳು ಪತ್ರ ಸೃಷ್ಟಿಸಿ ಗಡೀಪಾರಾದ ಫ್ರಾನ್ಸಿಸ್ ಗ್ರೀನ್‌ವೇ ಸಿಡ್ನಿಯ ಹೈಡ್ ಪಾರ್ಕ್ ಬ್ಯಾರಕ್ಸ್ ವಿನ್ಯಾಸಗೊಳಿಸಿದ; 1966ರ ಹತ್ತು ಡಾಲರ್ ನೋಟಿನ ಮೇಲೆ ಅವನ ಮುಖವೇ ಬಂತು. ಆ ನೆಲದ ಮೂಲನಿವಾಸಿಗಳಿಗೆ ಈ ನೆನಪಿನಲ್ಲಿ ನ್ಯಾಯ ಸಿಕ್ಕಿಲ್ಲವೆಂಬುದು ನಿಜ. ಆದರೂ ಶಿಕ್ಷೆ ತಿಂದ ಸಾಮಾನ್ಯನ ಬದುಕನ್ನು ಕೈದಿಗಳ ಸಂತತಿಯವರು ಎಷ್ಟು ಆಸ್ಥೆಯಿಂದ ಓದುತ್ತಾರೆ ಎಂಬುದು ನಾವು ಕಲಿಯಬೇಕಾದ ಪಾಠ.

ಬೆಂಗಳೂರಿನ ನಾಗಸಂದ್ರದಲ್ಲಿದ್ದು ಇದನ್ನು ಬರೆಯುವಾಗ, ದುಡಿದವರನ್ನು ಮರೆಯುವ ನಮ್ಮ ಈ ಕೊರತೆ ನನಗೆ ಇನ್ನೂ ಚುಚ್ಚುತ್ತದೆ. ತುಮಕೂರು ರಸ್ತೆಯ ಮೇಲುಸೇತುವೆ, ಮೆಟ್ರೋ ಕಂಬಗಳನ್ನು ಎತ್ತಿದವರ ಹೆಸರು ಕೇಳಿದರೆ ಇಲ್ಲಿ ಯಾರೂ ಹೇಳಲಾರರು. ಅವರು ತಾವಾಗಿ ಬಂದವರು, ಮರಳಿ ಹೋಗಬಲ್ಲವರು. ಸುಳ್ಯದ ರೈತನಿಗೆ ಆ ದಾರಿಯೂ ಇರಲಿಲ್ಲ.

ಕೆನರಾ ಆಗ ಮದ್ರಾಸ್ ಪ್ರಾಂತದಲ್ಲಿತ್ತು. ಹಾಗಾಗಿ ಹುಡುಕಾಟ ಚೆನ್ನೈ, ಸಿಂಗಾಪುರದ ಪತ್ರಾಗಾರಗಳಲ್ಲಿ ಶುರುವಾಗಬೇಕು. ಅಲ್ಲಿ ಸಿಕ್ಕ ಹೆಸರುಗಳನ್ನು ಸುಳ್ಯದ ಮನೆತನಗಳ ನೆನಪಿನ ಜೊತೆ ತಾಳೆ ನೋಡಬೇಕು. ಪ್ರತಿಮೆಗೆ ಹಣ ಕೊಟ್ಟ ಸರ್ಕಾರ, ಸಂಘಗಳು ಇಬ್ಬರು ಸಂಶೋಧಕರನ್ನು ಈ ಕೆಲಸಕ್ಕೆ ಕಳಿಸಲಿ.